ದೇವರ ಮನೆಗೆ ಬಂದ ತುರ್ಕಿ ಮಾತು

ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದಾಗ ಫೋನು ಟಿಣ್ ಎಂದಿತು. ಸಂದೇಶ ಬಂದದ್ದು ದೂರದಿಂದಲ್ಲ, ನಮ್ಮ ಮನೆಯದೇ ಮೇಲಿನ ಮಹಡಿಯಿಂದ. ನನ್ನ ಓರಗಿತ್ತಿ, ಎಂದರೆ ಮೈದುನನ ಹೆಂಡತಿ, ಬರೆದಿದ್ದಳು: "ಅಕ್ಕ, ಈ ಸಲ ನವರಾತ್ರಿ ದೀಪಕ್ಕೆ ನಾನು ಬಟ್ಟೆ ಹಿಡಿಯೋಲ್ಲ. ಆ ಚಕಮಕಿ ನಮ್ಮದಲ್ಲ, ತುರ್ಕರದ್ದು. ಲೈಟರಲ್ಲೇ ಹಚ್ಚಿಬಿಡಿ. ಬೇಜಾರು ಮಾಡ್ಕೋಬೇಡಿ." ಅದರ ಕೆಳಗೆ ಕೈಮುಗಿದ ಎರಡು ಚಿತ್ರ.

ಹದಿನಾಲ್ಕು ಮೆಟ್ಟಿಲು ಇಳಿದು ಬಂದು ಬಾಯಲ್ಲಿ ಹೇಳಲಾರದ ಮಾತು ಅದು ಎಂಬುದು ಆಗಲೇ ಗೊತ್ತಾಯಿತು. ಕೈಯಲ್ಲಿದ್ದ ಕಾಯನ್ನು ತಟ್ಟೆಗೆ ಹಾಕಿ, ದೇವರ ಮನೆಯ ಕಡೆ ನೋಡಿದೆ. ಪಕ್ಕದ ಕೋಣೆಯಲ್ಲಿ ಅತ್ತೆ ಜಪಸರ ಹಿಡಿದು ಕೂತಿದ್ದರು. ಅವರಿಗೆ ಈ ವಿಷಯ ಮುಟ್ಟುವ ಮೊದಲು ಇದನ್ನು ಸರಿಮಾಡಲೇಬೇಕು ಎಂದುಕೊಂಡೆ.

ಯಾಕೆಂದು ಹೇಳಬೇಕು. ನಾಗಸಂದ್ರದ ಈ ಮನೆಯನ್ನು ಅಣ್ಣತಮ್ಮ ಇಬ್ಬರೂ ಸೇರಿ ಕಟ್ಟಿದ್ದು. ಕೆಳಗೆ ನಾವು, ಮೇಲೆ ಅವರು. ಒಲೆ ಎರಡು, ದೇವರ ಮನೆ ಒಂದೇ, ಅದು ಕೆಳಗಿದೆ. ನವರಾತ್ರಿಯ ಪಾಡ್ಯದ ಬೆಳಿಗ್ಗೆ ಹಚ್ಚಿದ ದೀಪ ವಿಜಯದಶಮಿಯವರೆಗೆ ಉರಿಯುತ್ತಿರಬೇಕು. ಆ ದೀಪಕ್ಕೆ ಬೆಂಕಿಪೊಟ್ಟಣದ ಬೆಂಕಿ ನಮ್ಮಲ್ಲಿ ಬಳಸುವುದಿಲ್ಲ. ಹೊಸದಾಗಿ ಹುಟ್ಟಿದ ಬೆಂಕಿಯೇ ಆಗಬೇಕು. ಶಿರಾ ಕಡೆಯ ಹಳ್ಳಿಯಿಂದ ಅತ್ತೆ ತಂದ ಒಂದು ಹಿತ್ತಾಳೆ ಡಬ್ಬಿಯಲ್ಲಿ ಬಿಳಿಯ ಬೆಣಚುಕಲ್ಲು, ಒಂದು ಉಕ್ಕಿನ ತುಂಡು, ಮುಚ್ಚಿದ ಡಬ್ಬಿಯಲ್ಲಿ ಸುಟ್ಟು ಕಪ್ಪಗೆ ಮಾಡಿದ ಹತ್ತಿಬಟ್ಟೆ ಇವೆ. ಇದೇ ಚಕಮಕಿ. ಹಿರಿಯ ಸೊಸೆ ಕಲ್ಲಿನ ಅಂಚಿಗೆ ಉಕ್ಕನ್ನು ಬಡಿಯುವುದು, ಕಿರಿಯ ಸೊಸೆ ಕೆಳಗೆ ಆ ಕರಿಬಟ್ಟೆ ಹಿಡಿದು ಕಿಡಿಯನ್ನು ಅದರಲ್ಲಿ ಹಿಡಿಯುವುದು. ಬಟ್ಟೆಗೆ ಕೆಂಪು ಹತ್ತಿದ ಮೇಲೆ ತೆಂಗಿನ ನಾರಿನೊಳಗಿಟ್ಟು ಊದಿದರೆ ಬೆಂಕಿ. ಹಳೆಯ ಉಕ್ಕು ಸವೆದು ಹೋದಾಗ ನಮ್ಮ ಮನೆಯವರು ಪೀಣ್ಯದ ತಮ್ಮ ಕಾರ್ಖಾನೆಯಲ್ಲಿ ಸವೆದ ಅರವೊಂದನ್ನು ಬಗ್ಗಿಸಿ ಹೊಸದು ಮಾಡಿಕೊಟ್ಟರು. ಮೊದಲಿನದಕ್ಕಿಂತ ಇದೇ ಹೆಚ್ಚು ಕಿಡಿ ಉಗುಳುತ್ತದೆ. ಕಬ್ಬಿಣದ ಪುಡಿ ಕಿಟಕಿಯ ಮೇಲೆ ತುಕ್ಕಾಗಿ ಕೂರುವ ಊರಿನಲ್ಲಿ ಇರುವುದರಿಂದ ಇಂಥ ಒಂದು ಉಪಕಾರವೂ ಉಂಟು.

ಅತ್ತೆಗೆ ಗ್ಲೂಕೋಮಾ. ಎರಡು ಕಣ್ಣೂ ಹೋಗಿವೆ. ದೀಪ ಅವರಿಗೆ ಕಾಣುವುದಿಲ್ಲ. ಕಲ್ಲಿಗೆ ಉಕ್ಕು ತಾಗುವ ಸದ್ದು, ಆಮೇಲೆ ಬರುವ ಸುಟ್ಟ ನಾರಿನ ವಾಸನೆ, ಇವೆರಡರಿಂದಲೇ ಅವರಿಗೆ ನವರಾತ್ರಿ ಶುರು. ಗ್ಯಾಸ್ ಲೈಟರನ್ನು ಟಕ್ಕೆನ್ನಿಸಿ "ಆಯ್ತು ಅತ್ತೆ" ಎಂದರೆ ಅವರು ಕೈಮುಗಿಯಬಹುದು. ಆದರೆ ಅವರ ಹಬ್ಬ ಅಲ್ಲಿಗೆ ಮುಗಿದಂತೆ.

ಇನ್ನು, ಈ ತುರ್ಕಿ ಎಲ್ಲಿಂದ ಬಂತು ಎಂದರೆ, ನಮ್ಮ ಮನೆಯವರ ಕಾರ್ಖಾನೆಯ ಮೂಲಕವೇ ಬಂತು. ತಗಡು ಬಗ್ಗಿಸುವ ಒಂದು ದೊಡ್ಡ ಯಂತ್ರ ತುರ್ಕಿ ದೇಶದಿಂದ ಬಂದಿತ್ತು. ಅದನ್ನು ಕೂರಿಸಲು ಅಲ್ಲಿಂದಲೇ ಒಬ್ಬ ತಂತ್ರಜ್ಞನೂ ಬಂದಿದ್ದ. ಮೊದಲ ದಿನವೇ ಊಟದ ಬಿಡುವಿನಲ್ಲಿ ಗಲಾಟೆ. ಕಲಬುರಗಿ ಕಡೆಯ ಕೆಲಸಗಾರನೊಬ್ಬ ಓಡಿ ಬಂದು ಇವರ ಹತ್ತಿರ ದೂರು ಹೇಳಿದನಂತೆ:

"ಸಾಹೇಬ್ರ, ಆ ಪರದೇಶಿ ಮನಷ್ಯಾ ನನ್ನ ಮುಂದ ಬಂದು ಚಕಮಕಿ, ಚಕಮಕಿ ಅಂತ ನಿಂತಾನ್ರಿ. ನಾವೇನ್ ಮಾಡೇವಿ ಅವಗ? ಜಗಳಾ ಬೇಕಂದ್ರ ನಾನೂ ತಯಾರ್ ಅದೀನಿ ನೋಡ್ರಿ."

ಇವರು ಹೋಗಿ ನೋಡಿದರೆ, ಆ ಪುಣ್ಯಾತ್ಮ ಬಾಯಲ್ಲಿ ಸಿಗರೇಟು ಕಚ್ಚಿಕೊಂಡು, ಹೆಬ್ಬೆರಳು ಆಡಿಸುತ್ತಾ, "ಚಕ್ಮಾಕ್? ಚಕ್ಮಾಕ್?" ಎಂದು ಎಲ್ಲರನ್ನೂ ಬೇಡುತ್ತಿದ್ದ. ಅವರ ಭಾಷೆಯಲ್ಲಿ ಲೈಟರಿಗೆ ಅದೇ ಹೆಸರು. ನಮ್ಮವನು ಮುಷ್ಟಿ ಬಿಗಿ ಹಿಡಿದು ನಿಂತಿದ್ದ, ಅವನು ಬೆಂಕಿ ಕೇಳುತ್ತಿದ್ದ.

ಇವರು ಮನೆಗೆ ಬಂದು ಇದನ್ನು ಹೇಳಿ ನಕ್ಕಾಗ ನಾನು, "ಚಕಮಕಿ ನಮ್ಮನೇಲೂ ಇದೆಯಲ್ರೀ, ಕರ್ಕೊಂಡು ಬನ್ನಿ ತೋರಿಸೋಣ, ಊಟ ಮಾಡ್ಕೊಂಡು ಹೋಗ್ಲಿ" ಎಂದೆ. ಭಾನುವಾರ ಬಂದ. ನಮಗೆ ಮಗನಾಗುವಷ್ಟು ಸಣ್ಣ ವಯಸ್ಸು ಎನ್ನಬಹುದು, ಸಾಧು ಹುಡುಗ. ಹುಳಿಯನ್ನ ಕಷ್ಟಪಟ್ಟು ತಿಂದ. ಮೊಸರು ಕಂಡಾಗ ಮುಖ ಅರಳಿತು, ಬಟ್ಟಲು ಬಟ್ಟಲು ಹಾಕಿಸಿಕೊಂಡ. ಓರಗಿತ್ತಿಯೂ ಇಳಿದು ಬಂದು ಬಿಸಿ ಚಪಾತಿ ಬಡಿಸಿದಳು.

ಊಟವಾದ ಮೇಲೆ ಹಿತ್ತಾಳೆ ಡಬ್ಬಿ ತೆರೆದು ತೋರಿಸಿದೆ. ಅವನು ಕಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ನಾವು ಇದನ್ನು ಏನೆನ್ನುತ್ತೇವೆ ಎಂದು ಕೇಳಿ, ಹೇಳಿದ ಕೂಡಲೇ ಊರಿಗೆ ಫೋನು ಮಾಡಿದ. ಅವನ ತಂದೆ ಶಾಲೆಯಲ್ಲಿ ಹಳೆಯ ತುರ್ಕಿ ಸಾಹಿತ್ಯ ಪಾಠ ಮಾಡಿದ ಮೇಷ್ಟ್ರಂತೆ. ಫೋನಿನೊಳಗೆ ಬಿಳಿ ಮೀಸೆಯ ಮುಖ ಕಂಡಿತು. ಆ ಮೇಷ್ಟ್ರು ತುರ್ಕಿಯಲ್ಲಿ ಹೇಳುವುದು, ಮಗ ಅದನ್ನು ಹರಕು ಇಂಗ್ಲಿಷಿಗೆ ತಿರುಗಿಸುವುದು, ಇವರು ಕನ್ನಡಕ್ಕೆ ತರುವುದು, ನಾನು ಅತ್ತೆಗೆ ಬಿಡಿಸಿ ಹೇಳುವುದು. ಮಾತು ಅಷ್ಟು ಕೈ ದಾಟಿ ಬಂದರೂ ನನಗೆ ಅರ್ಥವಾದಷ್ಟು ಇಷ್ಟು.

ಅದರ ಬೇರು 'ಚಕ್'. ಬಡಿ ಎಂದು ಅರ್ಥ. ಹಿಂದಿರುವ 'ಮಕ್', ನಮ್ಮ ಬಡಿಯುವುದು, ತಿನ್ನುವುದು ಎಂಬುದರಲ್ಲಿರುವ 'ವುದು' ಇದ್ದ ಹಾಗೆ. ಗೋಡೆಗೆ ಮೊಳೆ ಹೊಡೆಯುವುದಕ್ಕೂ ಅವರಲ್ಲಿ ಅದೇ ಮಾತು, ಮಿಂಚು ಹೊಡೆಯುವುದಕ್ಕೂ ಅದೇ. ಹುಡುಗರ ಬಾಯಲ್ಲಿ, ತಲೆಗೆ ಹೊಳೆಯಿತು ಎನ್ನುವುದಕ್ಕೂ ಅದೇ. ಕಲ್ಲು ಬಡಿದು ಬೆಂಕಿ ಮಾಡುವುದು ಬಲು ಹಳೆಯ ಅರ್ಥ. ಆಮೇಲೆ ಕಿಡಿಯಿಂದ ಗುಂಡು ಹಾರಿಸುವ ಬಂದೂಕುಗಳಿಗೂ ಆ ಹೆಸರು ಬಂತು. ದಂಡಿನವರ ಜೊತೆ, ಪಾರಸಿಯವರ ಬಾಯಿ ದಾಟಿ, ಹಿಂದೂಸ್ತಾನಕ್ಕೆ ಬಂದಿರಬೇಕು ಎಂದು ಮೇಷ್ಟ್ರು ಹೇಳಿದರು. ಪತ್ರಿಕೆಯಲ್ಲಿ ಗುಂಡಿನ ಚಕಮಕಿ, ಮಾತಿನ ಚಕಮಕಿ ಎಂದು ದಿನಾ ಓದುತ್ತೇವಲ್ಲ, ಬಂದೂಕಿನ ದಾರಿಯಲ್ಲೇ ಅದು ಜಗಳದ ಮಾತಾಯಿತೇನೋ ಎಂದು ಇವರು ಸೇರಿಸಿದರು.

ಮೇಷ್ಟ್ರು ಕೊನೆಗೆ ಇನ್ನೊಂದು ಹೇಳಿದರು. ಬಲು ಹಿಂದಿನ ತುರ್ಕಿಯಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೇಳಿ ಚಾಡಿ ಹಚ್ಚುವುದಕ್ಕೂ ಇದೇ ಪದ ಇತ್ತಂತೆ.

"ಅದು ನಮ್ ಬೀದೀಲೂ ಐತೆ ಅಂತ ಏಳು ಆ ಮೇಷ್ಟ್ರಿಗೆ" ಎಂದರು ಅತ್ತೆ. ಅದನ್ನು ಮಾತ್ರ ಇವರು ಇಂಗ್ಲಿಷಿಗೆ ತಿರುಗಿಸಲಿಲ್ಲ.

ಹೀಗೆ ನಗುತ್ತಾ ಮುಗಿದ ಭಾನುವಾರದ ಬಾಲವಾಗಿ ಈ ಸಂದೇಶ ಬಂದಿತ್ತು.

ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ನಾನು ಚಪ್ಪಲಿ ಮೆಟ್ಟಿ ಬಡಾವಣೆಯ ಗ್ರಂಥಾಲಯಕ್ಕೆ ಹೋದೆ. ಆ ಮುದಿ ಮೇಷ್ಟ್ರದು ತಪ್ಪಿರಬಹುದು, ಯಾವುದಾದರೂ ನಿಘಂಟಿನಲ್ಲಿ ಚಕಮಕಿ ಸಂಸ್ಕೃತದ್ದೋ ಅಚ್ಚ ಕನ್ನಡದ್ದೋ ಎಂದು ಸಿಕ್ಕಿಬಿಟ್ಟರೆ ಗೆದ್ದೆ ಎಂಬ ಆಸೆ. ದಪ್ಪ ನಿಘಂಟು ಕೇಳಿದಾಗ ಅಲ್ಲಿನವರು, "ಏನಮ್ಮಾ, ಎಕ್ಸಾಮ್ ಕಟ್ಟಿದೀರಾ?" ಎಂದರು. "ಹೂಂ ಕಣಪ್ಪಾ, ಪ್ರಶ್ನೆಪತ್ರಿಕೆ ಮೇಲ್ಗಡೆ ಮನೇಲಿದೆ" ಎಂದೆ.

ದೇವರನ್ನು ನೆನೆದು ಪುಟ ತಿರುಗಿಸಿದೆ. ಚಕ್ರ ಸಿಕ್ಕಿತು, ಚಕೋರ ಸಿಕ್ಕಿತು, ಚಕಮಕಿಯೂ ಸಿಕ್ಕಿತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಹೊರಗಿನ ಮಾತು ಎಂಬ ಗುರುತು. ಮೇಷ್ಟ್ರದು ತಪ್ಪಿರಲಿಲ್ಲ. ಹಟಕ್ಕೆ ಬಿದ್ದು ಅಡುಗೆಮನೆಯ ಬೇರೆ ಮಾತುಗಳನ್ನೂ ಹುಡುಕಿದೆ. ಚಾಕುವಿಗೂ ಹೊರಗಿನದೆಂಬ ಅದೇ ಗುರುತು. ಪುಸ್ತಕ ಮುಚ್ಚಿದೆ. ಸುಳ್ಳು ಹೇಳಿ ದೇವಿಯ ದೀಪ ಹಚ್ಚುವುದು ಬೇಡ, ಇದ್ದುದನ್ನು ಇದ್ದ ಹಾಗೆ ಹೇಳಿಯೇ ಅವಳನ್ನು ಒಪ್ಪಿಸುತ್ತೇನೆ ಎಂದು ನಿಶ್ಚಯಿಸಿಕೊಂಡು ಬಂದೆ.

ಸಂಜೆ ಮೇಲೆ ಹತ್ತಿದೆ. ಓರಗಿತ್ತಿ ಮೈದುನನ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದಳು.

"ಏನೇ, ಮೆಟ್ಲಿಳಿಯೋಕೂ ನೆಟ್‌ವರ್ಕ್ ಬೇಕಾಯ್ತಾ ನಿಂಗೆ?"

"ಕೂತ್ಕೊಳಿ ಅಕ್ಕ, ಕಾಫಿ ಬೆರೆಸ್ತೀನಿ."

"ಕಾಫಿ ಆಮೇಲೆ. ಯಾರು ನಿನ್ನ ತಲೇಲಿ ಇದನ್ನ ಹಾಕಿದ್ದು?"

"ಯಾರೂ ಹಾಕಿಲ್ಲ. ಭಜನೆ ಮಂಡಳೀಲಿ ನಾನೇ ತಮಾಷೆಗೆ ಹೇಳ್ದೆ, ಹಿಂಗೆ ಚಕಮಕಿ ತುರ್ಕಿ ಮಾತಂತೆ ಅಂತ. ಹಾರ್ಮೋನಿಯಂ ಆಂಟಿ ಇದಾರಲ್ಲ, ಅವರು ಬೆಚ್ಚಿಬಿದ್ರು. ಅಯ್ಯೋ, ತುರ್ಕರ ಬೆಂಕೀಲಿ ದೇವಿ ದೀಪ ಹಚ್ತೀರಾ ಅಂದ್ರು."

"ಅವರ ಹಾರ್ಮೋನಿಯಂ ಯಾವೂರಿಂದು ಅಂತ ಕೇಳ್ಬೇಕಿತ್ತು ನೀನು."

ಅವಳಿಗೆ ನಗು ಬಂತು, ನುಂಗಿಕೊಂಡಳು. ನಾನು ಬಿಡಲಿಲ್ಲ. "ನಿಘಂಟು ನೋಡ್ಕೊಂಡೇ ಬಂದಿದೀನಿ. ಹೌದು, ಹೊರಗಿನ ಮಾತೇ. ಚಾಕುನೂ ಅಲ್ಲಿಂದಾನೇ ಬಂದಿರೋದು. ನೈವೇದ್ಯದ ಹಣ್ಣು ಯಾವುದ್ರಲ್ಲಿ ಹೆಚ್ತೀಯಾ?"

"ಹೆಚ್ಚಲ್ಲ. ಸುಲ್ದು ಹಂಗೇ ಇಡ್ತೀನಿ."

"ಸೇಬನ್ನ?"

"ಸೇಬೇ ತರಲ್ಲ."

"ಕಲ್ಲು ಶಿರಾದ ಹೊಲದ್ದು ಕಣೆ. ಉಕ್ಕು ನಿಮ್ಮ ಭಾವ ಮಾಡಿದ್ದು. ಬಟ್ಟೆ ಅತ್ತೆ ಹಳೇ ಸೀರೇದು. ಹೆಸರೊಂದು ಬೇರೆ ಕಡೇದಾದ್ರೆ ಬೆಂಕಿಗೆ ಮೈಲಿಗೆ ಬಂತಾ?"

ಅವಳು ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು. ಕಾಲರು ಸರಿಮಾಡುವವಳಂತೆ ತಲೆ ಬಗ್ಗಿಸಿಕೊಂಡೇ ಮಾತಾಡಿದಳು.

"ಅಕ್ಕ, ಹೋದ ವರ್ಷ ನೀವೆಲ್ಲ ಸೀಮಂತಕ್ಕೆ ಹೋಗಿದ್ದಾಗ ದೀಪ ನನ್ನ ಕೈಲಿ ತಾನೇ ಇದ್ದಿದ್ದು? ಆವತ್ತೇ ಶಾಂತವಾಯ್ತು. ಮುಂದಿನ ತಿಂಗಳೇ ನಮ್ಮನೆಯವರ ಫ್ಯಾಕ್ಟ್ರಿ ಬಾಗಿಲು ಮುಚ್ತು. ಈಗ ನೋಡಿ, ಮೆಟ್ರೋಲಿ ಈ ತುದಿಯಿಂದ ಊರಿನ ಆ ತುದಿ ಹೂಡಿಗೆ ಕೆಲಸಕ್ಕೆ ಹೋಗಿ ಬರೋಷ್ಟರಲ್ಲಿ ಹೆಣ ಆಗಿರ್ತಾರೆ. ನೀವ್ಯಾರೂ ನನಗೆ ಒಂದು ಮಾತು ಅನ್ಲಿಲ್ಲ. ಆದ್ರೆ ನನಗೆ ಗೊತ್ತಲ್ಲ. ಆಂಟಿ ಏನಂದ್ರು ಗೊತ್ತಾ? ಮೂಲದ ಬೆಂಕೀಲೇ ದೋಷ ಇದ್ರೆ ದೀಪ ನಿಲ್ಲಲ್ಲ ಅಂದ್ರು. ಅಂದ್ರೆ ದೋಷ ಕಲ್ಲಿಂದು ಅಂತಾಯ್ತು. ನಂದಲ್ಲ ಅಂತಾಯ್ತು."

ದೀಪ ಆರಿತು ಎಂದು ನಮ್ಮಲ್ಲಿ ಹೇಳುವುದಿಲ್ಲ, ಶಾಂತವಾಯಿತು ಎನ್ನುತ್ತೇವೆ. ಆ ಮೆತ್ತನೆಯ ಮಾತನ್ನು ಹೊದ್ದುಕೊಂಡು ಇವಳು ಇಡೀ ವರ್ಷ ಒಳಗೊಳಗೇ ಬೇಯುತ್ತಿದ್ದಳು. ನಾನು ನಿಘಂಟು ಹಿಡಿದು ಕಲ್ಲನ್ನು ಗೆಲ್ಲಿಸಲು ಹೊರಟಿದ್ದೆ. ಕಲ್ಲು ಗೆದ್ದರೆ ಇವಳು ಸೋತಳು. ಹಾಗಾಗಬಾರದು. ಆದರೆ ಅತ್ತೆಯ ಕಿವಿ ಬರಿದಾಗಿ ಉಳಿಯುವುದೂ ಆಗಬಾರದು. ಎರಡನ್ನೂ ಉಳಿಸುವ ದಾರಿ ತೋರಿಸು ತಾಯಿ ಎಂದು ಮನಸ್ಸಿನಲ್ಲೇ ಕೇಳಿಕೊಂಡು, ಅವಳು ಕೊಟ್ಟ ಕಾಫಿ ಕುಡಿದು, ಇಳಿದು ಬಂದೆ.

ಕೆಳಗೆ ಅತ್ತೆ ಎಚ್ಚರವಾಗಿ ಕೂತಿದ್ದರು. ಕಣ್ಣು ಹೋದವರಿಗೆ ದೇವರು ಕಿವಿಯನ್ನು ಎರಡು ಪಾಲು ಕೊಟ್ಟಿರುತ್ತಾನೆ. ಮೆಟ್ಟಿಲ ಬಾಗಿಲು ಬೇರೆ ತೆರೆದಿತ್ತು.

"ಚಿಕ್ಕೋಳು ಬಟ್ಟೆ ಇಡಿಯಲ್ಲ ಅಂದ್ಲಾ?"

ಮುಚ್ಚಿಟ್ಟು ಫಲವಿರಲಿಲ್ಲ. "ಹೂಂ ಅತ್ತೆ. ಚಕಮಕಿ ತುರ್ಕಿ ಮಾತು ಅಂತ."

"ಕಲ್ಲಿಗೆ ಒಡೆದ್ರೆ ಚಕ್ ಅಂತ ಕಲ್ಲೇ ಏಳ್ತದಲ್ಲವ್ವ. ಅದ್ಕೇನ್ ತುರ್ಕಿ ಭಾಷೆ ಬತ್ತದಾ? ಅದು ಎಲ್ಲಾರ್ ಮನೇಲೂ ಅಂಗೇ ಅಂದಿರ್ತದೆ." ಜಪಸರವನ್ನು ಸೆರಗಿನ ತುದಿಗೆ ಸುತ್ತಿದರು. "ದೀಪ ಶಾಂತ ಆಗಿದ್ದು ಎಣ್ಣೆ ಮುಗ್ದು. ಅದ್ಕೆ ಅಷ್ಟೊಂದು ನೊಂದ್ಕೊಂಡವ್ಳಾ ಎಣ್ಣು? ಯಾರಾನ ಏಳ್ಬಾರ್ದಾ ನಂಗೆ?"

"ಬಟ್ಟೆ ಹಿಡಿಯೋಕೆ ಹೆದರ್ತಾಳೆ ಅತ್ತೆ. ತನ್ನ ಕೈಲಿ ಬೆಂಕಿ ನಿಲ್ಲಲ್ಲ ಅನ್ನೋ ಭಯ."

"ಅಂಗಾದ್ರೆ ಇಡಿಯೋದು ಬ್ಯಾಡ ಅವ್ಳು. ನೀನೇ ಏನಾರ ಮಾಡು. ನೀನು ಅಟ ಇಡಿದ್ರೆ ಬಿಡೋಳಲ್ಲ ಅಂತ ನಂಗೊತ್ತು."

ಆ ಮಾತೇ ದಾರಿ ತೋರಿಸಿತು. ಹಿಡಿಯುವುದು ಬೇಡ ಎಂದರೆ ಹಿಡಿಯುವುದು ಬೇಡ. ಕೆಲಸ ಎರಡಿವೆಯಲ್ಲ. ಆ ರಾತ್ರಿ ಮೇಲಿನ ಮನೆಗೆ ಉತ್ತರ ಬರೆದೆ: "ಬಟ್ಟೆ ಹಿಡೀಬೇಡ. ಪಾಡ್ಯದ ಬೆಳಿಗ್ಗೆ ಮಿಂದು ಸುಮ್ನೆ ಕೆಳಗೆ ಬಾ." ಕೈಮುಗಿದ ಚಿತ್ರ ಹಾಕಲು ನನಗೆ ಬರುವುದಿಲ್ಲ, ಹಾಗೇ ಕಳಿಸಿದೆ. ಓದಿದಳೆಂದು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

ಪಾಡ್ಯದ ಬೆಳಿಗ್ಗೆ ಬೇಗ ಮಿಂದು ಪಂಚಪಾತ್ರೆ, ಕಲಶ, ಬತ್ತಿ ಎಲ್ಲ ಜೋಡಿಸಿದೆ. ದೀಪದ ಪಕ್ಕದಲ್ಲಿ ಎಣ್ಣೆ ತುಂಬಿದ ಜಗ್ಗನ್ನೇ ಇಟ್ಟೆ. ಅತ್ತೆಯನ್ನು ಕುರ್ಚಿಯಲ್ಲಿ ದೇವರ ಮನೆಯ ಹೊಸ್ತಿಲ ಬಳಿ ಕೂರಿಸಿದೆ. ಅವರು ಎರಡು ಕೈಯನ್ನೂ ಮಂಡಿಯ ಮೇಲಿಟ್ಟು ಮುಖ ಎತ್ತಿ ಕಾಯುತ್ತಿದ್ದರು. ಇವರು ಬಂದು, "ಲೈಟರ್ ತರ್ಲಾ?" ಎಂದು ಮೆಲ್ಲಗೆ ಕೇಳಿದರು. "ಸುಮ್ನಿರ್ರೀ" ಎಂದೆ. ಬರುತ್ತಾಳೆ ಎಂದು ನನಗೆ ಖಾತ್ರಿಯಿರಲಿಲ್ಲ. ಬಾರದಿದ್ದರೆ ಮೇಲೆ ಹೋಗಿ ಕೈಹಿಡಿದು ಕರೆತರುವುದು ಎಂದು ಮಾತ್ರ ಖಾತ್ರಿಯಿತ್ತು.

ಹೋಗಬೇಕಾಗಲಿಲ್ಲ. ಕಾಲುಂಗುರದ ಸದ್ದು ಮೆಟ್ಟಿಲಲ್ಲಿ ಕೇಳಿತು, ಕೊನೆಯ ಮೆಟ್ಟಿಲಲ್ಲಿ ನಿಂತಿತು. ಮಡಿ ಸೀರೆ ಉಟ್ಟಿದ್ದಳು, ಒದ್ದೆ ಕೂದಲು ಕಟ್ಟಿದ್ದಳು.

"ನೋಡೋಕೆ ಬಂದೆ ಅಷ್ಟೇ" ಎಂದಳು.

ನಾನು ಕಲ್ಲನ್ನೂ ಉಕ್ಕನ್ನೂ ಅವಳ ಮುಂದೆ ಹಿಡಿದೆ. "ಬಟ್ಟೆ ನಾನು ಹಿಡೀತೀನಿ. ನೀನು ಬಡಿ."

"ನಾನಾ? ಹಿರೀಸೊಸೆ ತಾನೇ ಬಡಿಯೋದು?"

"ಯಾರಂದೋರು?" ಎಂದರು ಅತ್ತೆ ಕುರ್ಚಿಯಿಂದಲೇ. "ನಮ್ಮತ್ತೆ ಬಲು ಜೋರು. ಕಲ್ಲನ್ನ ಯಾರ್ ಕೈಗೂ ಕೊಡ್ತಿರ್ಲಿಲ್ಲ. ಇರೇಸೊಸೆ ಅಂತ ನಂಗೆ ಕೊಟ್ಟೋಯ್ತು. ನಾನೂ ಬಿಡ್ಲಿಲ್ಲ, ನಿಮ್ಮಕ್ಕಂಗೆ ಕೊಟ್ಟೆ. ಇದ್ರಾಗೆ ಶಾಸ್ತ್ರ ಏನಿಲ್ಲವ್ವ, ಬರೀ ಜಂಬ."

ಇಷ್ಟು ವರ್ಷ ನಾನು ಶಾಸ್ತ್ರವೆಂದು ನಂಬಿಕೊಂಡದ್ದು ಒಬ್ಬ ಜೋರು ಹೆಂಗಸಿನ ಜಂಬವಾಗಿತ್ತು! ಇವರು ಗೋಡೆಯ ಕಡೆ ತಿರುಗಿ ನಕ್ಕರು.

ಓರಗಿತ್ತಿ ಕಲ್ಲು ತೆಗೆದುಕೊಂಡಳು. ಬಡಿದಳು. ಸದ್ದು ಬಂತು, ಕಿಡಿ ಬರಲಿಲ್ಲ. ಮತ್ತೆ ಬಡಿದಾಗ ಬೆರಳ ಗೆಣ್ಣಿಗೇ ಬಿತ್ತು. "ಅಯ್ಯೋ ಶಿವನೇ! ನೋಡಿದ್ರಾ ಅಕ್ಕ, ನಾನು ಹೇಳ್ಲಿಲ್ವಾ, ನನ್ನ ಕೈಗೆ ಆಗಲ್ಲ ಇದು" ಎಂದು ಉಕ್ಕನ್ನು ನನ್ನ ಕಡೆ ಚಾಚಿದಳು. ನಾನು ಕೈ ಚಾಚಲಿಲ್ಲ. ನನ್ನ ಎರಡು ಕೈಯಲ್ಲೂ ಕರಿಬಟ್ಟೆ ಇತ್ತು.

"ನನ್ನ ಕೈ ಖಾಲಿ ಇಲ್ಲ ಕಣೆ. ಬಡಿ."

"ಅದು ಮೆತ್ಗಾಯ್ತು" ಎಂದರು ಅತ್ತೆ. "ಕಲ್ಲಿನ ಮೈಗೆ ಬೀಳ್ತಾ ಐತೆ. ಅಂಚಿಗೆ ಬೀಳ್ಬೇಕು. ಮೇಲಿಂದ ಕೆಳಕ್ಕೆ ಸವರಿ ಒಡೀ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ತುಟಿ ಕಚ್ಚಿ ಬಡಿದಳು. ಇನ್ನೂ ಬಡಿದಳು. ಆ ಹೊಡೆತಗಳಲ್ಲಿ ಮೊದಲು ಭಯ ಇತ್ತು, ಆಮೇಲೆ ಸಿಟ್ಟು ಬಂತು. ಮುಚ್ಚಿದ ಕಾರ್ಖಾನೆಯ ಮೇಲಿನ ಸಿಟ್ಟೋ, ಹಾರ್ಮೋನಿಯಂ ಆಂಟಿಯ ಮೇಲಿನದೋ, ನನ್ನ ಮೇಲಿನದೋ, ನಾನು ಕೇಳಲಿಲ್ಲ. ನನ್ನ ಮೇಲಿದ್ದರೂ ಸರಿಯೇ, ಬೆಂಕಿ ಬರಲಿ ಎಂದು ಬಟ್ಟೆಯನ್ನು ಅಲುಗದ ಹಾಗೆ ಹಿಡಿದುಕೊಂಡೆ.

"ಬಂತು" ಎಂದರು ಅತ್ತೆ.

ನನಗೆ ಇನ್ನೂ ಕಂಡಿರಲಿಲ್ಲ. ಬಗ್ಗಿ ನೋಡಿದರೆ ಕರಿಬಟ್ಟೆಯ ಅಂಚಿನಲ್ಲಿ ಸಾಸಿವೆಯಷ್ಟು ಕೆಂಪು. ಅದು ಮೆಲ್ಲಗೆ ಹರಡಿತು. ತೆಂಗಿನ ನಾರಿನ ಗೂಡಿನೊಳಗಿಟ್ಟು ಅವಳ ಮುಖದ ಮುಂದೆ ಹಿಡಿದೆ. ಅವಳು ಹಿಂದೆ ಸರಿಯಲಿಲ್ಲ. ಊದಿದಳು, ನಾನೂ ಊದಿದೆ. ಹೊಗೆ ಎದ್ದು ಇಬ್ಬರಿಗೂ ಕೆಮ್ಮು ಬಂತು, ಅದರ ಹಿಂದೆಯೇ ಭಗ್ಗನೆ ಬೆಂಕಿ ಬಂತು. ಬತ್ತಿಗೆ ಮುಟ್ಟಿಸಿದೆವು. ಆ ವಾಸನೆ ಹೊಸ್ತಿಲು ದಾಟುತ್ತಲೇ ಅತ್ತೆಯ ಕೈಗಳು ಮಂಡಿಯಿಂದ ಎದ್ದು ಎದೆಯ ಹತ್ತಿರ ಜೋಡಿಕೊಂಡವು. ತುಟಿ ಅಲುಗುತ್ತಿತ್ತು. ಅವರ ಹಬ್ಬ ಶುರುವಾಯಿತು. ತಾಯಿ, ನಿನ್ನ ಕೃಪೆ ಎಂದುಕೊಂಡೆ. ಸಣ್ಣದಲ್ಲ ಅದು.

ಓರಗಿತ್ತಿ ಗೆಣ್ಣಿನ ಗಾಯವನ್ನು ಬಾಯಲ್ಲಿಟ್ಟುಕೊಂಡು ದೀಪವನ್ನೇ ನೋಡುತ್ತಾ ನಿಂತಿದ್ದಳು. ನಾನು ಅರಿಶಿನ ತಂದು ಒತ್ತಿದೆ.

"ಅಕ್ಕ, ಎಣ್ಣೆ?" ಎಂದಳು.

"ಇಬ್ರೂ ನೋಡ್ಕೊಳೋಣ. ನೀನು ಹಾಕಿದ್ದನ್ನ ನಾನು ನೋಡ್ತೀನಿ, ನಾನು ಹಾಕಿದ್ದನ್ನ ನೀನು ನೋಡು."

"ಇಷ್ಟಾದ್ಮೇಲೂ ಶಾಂತವಾದ್ರೆ?"

"ಇನ್ನೊಂದ್ಸಲ ಬಡಿಯೋದು. ಈಗ ಕಲ್ತೆಯಲ್ಲ."

ಅವಳು ತಲೆಯಾಡಿಸಿದಳು. ಜಗ್ಗನ್ನು ಎತ್ತಿ, ತುಂಬಿದ ದೀಪಕ್ಕೇ ಇನ್ನಷ್ಟು ಎಣ್ಣೆ ಹಾಕಿದಳು. ತಟ್ಟೆಗೆ ಚೆಲ್ಲಿತು.

ಅಷ್ಟರಲ್ಲಿ ಬೀದಿಯಲ್ಲಿ ನೀರಿನ ಟ್ಯಾಂಕರಿನವನು ಹಾರನ್ ಬಾರಿಸಿದ. ಹಬ್ಬದ ದಿನ ಬೇಗ ಬಂದದ್ದೇ ದೊಡ್ಡದು, ಕಾಯಿಸಿದರೆ ಮುಂದಿನ ಮನೆಗೆ ಹೋಗಿಬಿಡುತ್ತಾನೆ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಅಂಗಳಕ್ಕೆ ಓಡಿದೆ, ಸಂಪಿನ ಮುಚ್ಚಳ ಎತ್ತಿ ಪೈಪು ಒಳಗೆ ಬಿಟ್ಟೆ.